ತಾತ ನಡೆದ ದಾರಿ: ರಾಯದುರ್ಗದಿಂದ ಮಡಕಶಿರಕ್ಕೆ

ನಮ್ಮ ತಾತ ತೀರಿಕೊಂಡು ಒಂದು ವರ್ಷವಾಯಿತು. ವರ್ಷಾಬ್ದಿಕವನ್ನು ಅವರು ಹುಟ್ಟಿದ ಊರಿನಲ್ಲಿಯೇ ನಡೆಸಬೇಕೆಂದು ಮನೆಯ ಹಿರಿಯರು ನಿಶ್ಚಯಿಸಿದರು. ಆದ್ದರಿಂದ ಈ ಬೇಸಿಗೆಯ ರಜೆಯಲ್ಲಿ ನಾನೂ, ಐದನೆಯ ತರಗತಿಯನ್ನು ಆಗಷ್ಟೇ ಮುಗಿಸಿದ್ದ ನನ್ನ ಮಗಳೂ ರಾಯದುರ್ಗದಿಂದ ಮಡಕಶಿರದ ಸೀಮೆಗೆ ಪ್ರಯಾಣ ಬೆಳೆಸಿದೆವು. ನನ್ನ ಚೀಲದಲ್ಲಿ ತಾತನ ಒಂದು ಭಾವಚಿತ್ರವಿತ್ತು. ಅದರ ಜೊತೆಗೆ, ಮನೆಯಲ್ಲಿ ಇನ್ನೂ ಯಾರಿಗೂ ತೋರಿಸದಿದ್ದ ಒಂದು ಅರ್ಜಿಯೂ ಇತ್ತು. ಮಗಳನ್ನು ಆರನೆಯ ತರಗತಿಗೆ ದೂರದ ನಗರದ ಇಂಗ್ಲಿಷ್ ಮಾಧ್ಯಮದ ವಸತಿ ಶಾಲೆಯೊಂದಕ್ಕೆ ಸೇರಿಸುವ ಅರ್ಜಿ ಅದು. ಎಲ್ಲ ಅಂಕಣಗಳನ್ನೂ ತುಂಬಿದ್ದೆ. ಸಹಿ ಒಂದನ್ನು ಮಾತ್ರ ಹಾಕಿರಲಿಲ್ಲ.

ತಾತ ಕನ್ನಡ ಶಾಲೆಯ ಉಪಾಧ್ಯಾಯರಾಗಿದ್ದರು. 1938ರಲ್ಲಿ ಮಡಕಶಿರ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿ, 1958ರಲ್ಲಿ ಕೆಲಸಕ್ಕೆ ಸೇರಿ, 1996ರಲ್ಲಿ ನಿವೃತ್ತರಾದರು. ಸೇವೆಯ ಹೆಚ್ಚಿನ ಕಾಲ ರಾಯದುರ್ಗ ತಾಲೂಕಿನಲ್ಲಿಯೇ ಕಳೆಯಿತು. ಅಜ್ಜಿಯ ತವರು ರಾಯದುರ್ಗ. ಹೀಗೆ ಅನಂತಪುರ ಜಿಲ್ಲೆಯ ಪಶ್ಚಿಮದ ಎರಡು ಕೊನೆಗಳು ನಮ್ಮ ಮನೆತನದ ಎರಡು ಕೊನೆಗಳೂ ಆದವು. ನಡುವೆ ತೆಲುಗು ಸೀಮೆ, ಆ ತುದಿಯಲ್ಲೂ ಈ ತುದಿಯಲ್ಲೂ ಕನ್ನಡ.

ರಾಯದುರ್ಗಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಬೆಟ್ಟ. ದೊಡ್ಡ ದೊಡ್ಡ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಿರುವ ಆ ಬೆಟ್ಟದ ಮೈಮೇಲೆ ಕೋಟೆಯ ಗೋಡೆಗಳು ಏರುತ್ತ ಇಳಿಯುತ್ತ ಸಾಗುತ್ತವೆ. ವಿಜಯನಗರದ ಕಾಲವನ್ನೂ ಪಾಳೆಯಗಾರರ ಕಾಲವನ್ನೂ ಕಂಡ ಕೋಟೆ ಇದು. ಬೆಟ್ಟದ ಮೇಲೆ ಜೈನ ಶಿಲ್ಪಗಳಿರುವ ರಸಸಿದ್ಧರ ಗುಡಿಯಿದೆ. ಊರಿನಲ್ಲಿ ಪ್ರಸನ್ನ ವೆಂಕಟರಮಣ ಸ್ವಾಮಿಯ ದೇವಾಲಯವಿದೆ. ಏಕಶಿಲೆಯ ದಶಭುಜ ಗಣಪತಿಯನ್ನು ನೋಡಲು ದೂರದ ಊರುಗಳಿಂದಲೂ ಜನ ಬರುತ್ತಾರೆ. ಇಂದಿನ ರಾಯದುರ್ಗವಾದರೋ ಜೀನ್ಸ್ ಬಟ್ಟೆ ಹೊಲಿಯುವ ಊರು. ಓಣಿ ಓಣಿಯಲ್ಲಿಯೂ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತದೆ. ಬೆಳಗಿನ ಹೋಟೆಲಿನಲ್ಲಿ ನಾವು ಒಗ್ಗಾಣಿ ಮಿರ್ಚಿ ಕೇಳಿದರೆ, ಪಕ್ಕದ ಮೇಜಿನವರು ಅದನ್ನೇ ಉಗ್ಗಾನಿ ಬಜ್ಜಿ ಎಂದು ಕೇಳುತ್ತಾರೆ. ಇಬ್ಬರಿಗೂ ಒಂದೇ ಬಾಣಲೆಯಿಂದ ಬರುತ್ತದೆ.

ಈ ಊರು ಬಳ್ಳಾರಿ ಜಿಲ್ಲೆಗೆ ಸೇರಿತ್ತೆಂಬುದನ್ನು ಇಂದಿನ ಮಕ್ಕಳು ಅರಿಯರು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದಾಗಲೂ ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದ ದಿನ ಬಳ್ಳಾರಿ ಜಿಲ್ಲೆ ಎರಡಾಯಿತು. ಹೆಚ್ಚಿನ ತಾಲೂಕುಗಳು ಮೈಸೂರಿಗೆ ಸೇರಿದವು; ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಕೂಡಿಸಲಾಯಿತು. ಆಗ ಅಜ್ಜಿಗೆ ಹತ್ತು ವರ್ಷ. "ಹಿಂದಿನ ದಿನದವರೆಗೆ ಅಪ್ಪ ಕಚೇರಿ ಕೆಲಸಕ್ಕೆ ಬಳ್ಳಾರಿಗೆ ಹೋಗುತ್ತಿದ್ದರು. ಆಮೇಲೆ ಅನಂತಪುರದ ದಾರಿ ಕೇಳತೊಡಗಿದರು" ಎಂದಷ್ಟೇ ಅವರು ಹೇಳುತ್ತಿದ್ದರು. ಗೆರೆ ಎಳೆದವರ ಮೇಲೆ ಅವರಿಗಾಗಲಿ ತಾತನಿಗಾಗಲಿ ಸಿಟ್ಟಿದ್ದುದನ್ನು ನಾನು ಕಂಡಿಲ್ಲ. ಎರಡು ಭಾಷೆಯ ಜನ ಬೆರೆತು ಬಾಳುವ ಕಡೆ ಎಲ್ಲಿ ಗೆರೆ ಎಳೆದರೂ ಯಾರದೋ ಹೊಸ್ತಿಲು ಆಚೆಗೆ ಉಳಿಯುತ್ತದೆ ಎಂಬುದು ತಾತನ ಮಾತು.

ಮೊದಲ ದಿನ ಗುಮ್ಮಗಟ್ಟದ ಕಡೆಗೆ ಹೋದೆವು. ತಾತ ಮೊದಲು ಪಾಠ ಹೇಳಿದ ಶಾಲೆ ಹಗರಿ ನದಿಯ ಸಮೀಪದ ಒಂದು ಹಳ್ಳಿಯಲ್ಲಿದೆ. ಹಗರಿಯೆಂದರೆ ವೇದಾವತಿಯೇ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಮೈಸೂರು ಅರಸರು ಈ ನದಿಗೆ ಕಟ್ಟಿಸಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಕೆಳಗೆ ಹರಿದು ಬಂದು ಆಂಧ್ರವನ್ನು ಹೊಕ್ಕ ಮೇಲೆ ಭೈರವಾನಿ ತಿಪ್ಪದಲ್ಲಿ ಮತ್ತೊಂದು ಅಣೆಕಟ್ಟು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಹಗರಿ ಹೆಚ್ಚಿನ ಕಾಲ ಮರಳಿನ ಹಾದಿಯಂತೆ ಬಿದ್ದಿರುತ್ತದೆ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ. ಅಂದು ಎಂಬತ್ತನಾಲ್ಕರ ತಾತ, ಹಗರಿಯನ್ನು ತುಂಬಿದ್ದಾಗ ನೋಡಬೇಕೆಂದು ಹಟ ಹಿಡಿದು ನಮ್ಮನ್ನು ಕರೆದೊಯ್ದಿದ್ದರು. ದಡದಲ್ಲಿ ಕೋಲೂರಿ ನಿಂತು, "ನೀರಿಗೆ ಗಡಿಯ ಕಾಗದ ತೋರಿಸಬೇಕಾಗಿಲ್ಲ" ಎಂದು ನಕ್ಕಿದ್ದರು.

ಶಾಲೆ ಈಗಲೂ ಇದೆ. ಕನ್ನಡ ವಿಭಾಗಕ್ಕೆ ಈಗ ಒಂದೇ ಕೊಠಡಿ. ರಜೆಯಾದ್ದರಿಂದ ಬಾಗಿಲಿಗೆ ಬೀಗ ಹಾಕಿತ್ತು. ಊರಿನ ವೃದ್ಧರೊಬ್ಬರು ತಾತನ ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ನಮ್ಮ ಮೇಷ್ಟ್ರು. ನನಗೆ ಪುಸ್ತಕ ಬರೆದುಕೊಟ್ಟವರು" ಎಂದರು. ತಾತ ಗ್ರಂಥಕರ್ತರಲ್ಲ. ಆ ಮಾತಿನ ಅರ್ಥ ಬೇರೆ. ಆ ದಿನಗಳಲ್ಲಿ ಜೂನಿನಲ್ಲಿ ಶಾಲೆ ತೆರೆದರೂ ಕನ್ನಡದ ಪಠ್ಯಪುಸ್ತಕಗಳು ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹಿಂದಿನ ವರ್ಷದ ಹರಿದ ಪ್ರತಿಯೊಂದನ್ನು ಮುಂದಿಟ್ಟುಕೊಂಡು, ತಾತ ರಾತ್ರಿ ಕಂದೀಲಿನ ಬೆಳಕಿನಲ್ಲಿ ಮೊದಲ ಹತ್ತು ಪಾಠಗಳನ್ನು ಕೈಯಿಂದಲೇ ನಕಲು ಮಾಡುತ್ತಿದ್ದರು. ನಾಲ್ಕು ಮಕ್ಕಳಿಗೆ ಒಂದು ಪ್ರತಿ. ಹಾಗೆ ಬರೆದ ಪುಸ್ತಕವೊಂದು ಆ ವೃದ್ಧರ ಮನೆಯ ಅಟ್ಟದ ಮೇಲೆ ಬಹುಕಾಲ ಇತ್ತಂತೆ. ಮಳೆಗೆ ಸೋರಿ ಹಾಳಾಯಿತೆಂದು ಹೇಳುವಾಗ ಅವರ ದನಿ ತಗ್ಗಿತು.

ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಪಡೆಯುವ ಸೌಕರ್ಯವನ್ನು ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಆ ವಿಧಿಯ ಅಕ್ಷರಗಳು ಹಳ್ಳಿಯ ಮಗುವಿನ ಕೈಗೆ ಪುಸ್ತಕವಾಗಿ ತಲಪುವ ನಡುವೆ ಇಂಥ ಒಬ್ಬ ಮನುಷ್ಯ ಕಂದೀಲು ಹಚ್ಚಿಕೊಂಡು ಕುಳಿತಿರಬೇಕಾಗುತ್ತದೆ ಎಂಬುದು ನನಗೆ ಆ ದಿನ ತಿಳಿಯಿತು.

ಮರುದಿನ ಬೆಳಿಗ್ಗೆ ಕಲ್ಯಾಣದುರ್ಗದ ಬಸ್ಸು ಹತ್ತಿದೆವು. ರಾಯದುರ್ಗದಿಂದ ತುಮಕೂರಿಗೆ ಹೊಸ ರೈಲುಮಾರ್ಗವೊಂದು ನಿರ್ಮಾಣವಾಗುತ್ತಿರುವುದನ್ನು ಈ ಪತ್ರಿಕೆಯ ಓದುಗರು ಬಲ್ಲರು. ಅದು ಕಲ್ಯಾಣದುರ್ಗ, ಪಾವಗಡ, ಮಡಕಶಿರ, ಮಧುಗಿರಿ, ಕೊರಟಗೆರೆಗಳನ್ನು ಕೂಡಿಸುವ ಮಾರ್ಗ. ಕಲ್ಯಾಣದುರ್ಗದಾಚೆಯ ಕದಿರಿದೇವರಪಲ್ಲಿಯವರೆಗೆ ಹಳಿಯಾಗಿ ರೈಲು ಓಡಾಡುತ್ತಿದೆ. ಹೆಂಡತಿಯ ತವರಿನಲ್ಲಿ ಹತ್ತಿ ತನ್ನ ಹುಟ್ಟೂರಿನ ಕಡೆ ಇಳಿಯುವ ದಿನವನ್ನು ತಾತ ಕೊನೆಯವರೆಗೂ ಎದುರುನೋಡಿದರು. ಆ ರೈಲಿನಲ್ಲಿ ಕೂರುವ ಯೋಗ ಅವರಿಗೆ ಬರಲಿಲ್ಲ; ಮಗಳಿಗೆ ಬರಬಹುದು.

ಕಲ್ಯಾಣದುರ್ಗದಿಂದ ದಕ್ಷಿಣಕ್ಕೆ ಕಂಬದೂರು. ಅಲ್ಲಿ ಹಳೆಯ ಮಲ್ಲಿಕಾರ್ಜುನ ದೇವಾಲಯವಿದೆ. ಆ ಕಡೆಯ ರಾಳ್ಲಪಲ್ಲಿ ಎಂಬ ಹಳ್ಳಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಬೋಧಿಸಿದರು. ಸಂಗೀತದಲ್ಲಿಯೂ ಸಾಹಿತ್ಯದಲ್ಲಿಯೂ ಎರಡು ನಾಡುಗಳ ಗೌರವಕ್ಕೆ ಪಾತ್ರರಾದರು. ತೆಲುಗು ಸೀಮೆಯಿಂದ ಹೋಗಿ ಕನ್ನಡದ ರಾಜಧಾನಿಯಲ್ಲಿ ತೆಲುಗು ಕಲಿಸಿದ ಅವರನ್ನೂ, ತೆಲುಗು ರಾಜ್ಯದಲ್ಲಿದ್ದು ಕನ್ನಡ ಕಲಿಸುವ ತನ್ನನ್ನೂ ತಾತ ಒಂದೇ ಕಸುಬಿನವರೆಂದು ತಮಾಷೆ ಮಾಡುತ್ತಿದ್ದರು. ಅವರ ತರಗತಿಯಲ್ಲಿ ಸರ್ವಜ್ಞನಿಗೆಷ್ಟು ಜಾಗವಿತ್ತೋ ವೇಮನನಿಗೂ ಅಷ್ಟೇ ಇತ್ತು. ಕನ್ನಡ, ತೆಲುಗು ಲಿಪಿಗಳನ್ನು ಅಕ್ಕತಂಗಿಯರೆಂದು ಕರೆದು ಪಕ್ಕಪಕ್ಕದಲ್ಲಿ ಬರೆದು ತೋರಿಸುತ್ತಿದ್ದರಂತೆ. ಗ, ದ, ಬ, ಲ ಮುಂತಾದವು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ತ, ಶದಂಥ ಕೆಲವು ಬೇರೆ. ತೆಲುಗಿನ ತಲೆಕಟ್ಟು ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ, ಕನ್ನಡದ್ದು ಅಡ್ಡಕ್ಕೆ ಚಾಚಿ ತುದಿಯಲ್ಲಿ ಬಾಗುತ್ತದೆ. ಇಷ್ಟು ಹೇಳಿಕೊಟ್ಟರೆ ಮಕ್ಕಳು ವಾರದೊಳಗೆ ಎರಡನ್ನೂ ಓದುತ್ತಿದ್ದರೆಂದು ಅವರ ಹೆಮ್ಮೆ.

ಕಂಬದೂರು ದಾಟಿದ ಮೇಲೆ ರಸ್ತೆ ಕರ್ನಾಟಕವನ್ನು ಪ್ರವೇಶಿಸುತ್ತದೆ. ಮೂರು ದಿಕ್ಕುಗಳಲ್ಲಿ ಆಂಧ್ರದಿಂದ ಸುತ್ತುವರಿದ ಪಾವಗಡ ತಾಲೂಕು ಇದು. ಇಲ್ಲಿನ ತಿರುಮಣಿಯ ಸುತ್ತ ಈಗ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರವಿದೆ. ತಾತನ ಕಾಲದಲ್ಲಿ ಶಾಪವೆನಿಸಿದ್ದ ಬಿಸಿಲು ಇಂದು ಬೆಳೆಯಾಗಿದೆ. ಪಾವಗಡದಲ್ಲಿ ಬಸ್ಸು ಬದಲಿಸಿ ಮಡಕಶಿರದತ್ತ ಹೊರಟರೆ ಮತ್ತೆ ಆಂಧ್ರ. ಫಲಕಗಳ ಮೇಲಿನ ಲಿಪಿ ಬದಲಾಗುವುದನ್ನು ನೋಡುತ್ತಿದ್ದ ಮಗಳು, "ಅಪ್ಪ, ಬೋರ್ಡು ಮಾತ್ರ ಬದಲಾಯಿತು, ಬಸ್ಸಿನಲ್ಲಿ ಮಾತು ಬದಲಾಗಲಿಲ್ಲವಲ್ಲ" ಎಂದಳು. ನಿಜ. ಹೂವಿನ ಬುಟ್ಟಿಯ ಹೆಂಗಸು ಎರಡು ಕಡೆಯೂ ಕನ್ನಡದಲ್ಲಿಯೇ ಚಿಲ್ಲರೆ ಕೇಳಿದಳು.

ಮಡಕಶಿರ ತಾಲೂಕು ಪಾವಗಡಕ್ಕೆ ಎದುರು ಕನ್ನಡಿ. ಅದನ್ನು ಮೂರು ಕಡೆ ಕರ್ನಾಟಕ ಬಳಸಿದೆ. ಊರಿನ ಬೆನ್ನಿಗೆ ದೊಡ್ಡ ಬೆಟ್ಟ, ಅದರ ಮೇಲೆ ಕೋಟೆಯ ಅವಶೇಷಗಳು. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳ ಕಡೆ ಹೋದಂತೆ, ಅನಂತಪುರ ಸೀಮೆಯೆಂದರೆ ಕಡಲೆಕಾಯಿಯ ಕೆಂಪು ಹೊಲವೆಂದು ತಿಳಿದವರಿಗೆ ಆಶ್ಚರ್ಯವಾಗುವಂತೆ, ಅಡಿಕೆ ತೆಂಗಿನ ತೋಟಗಳು ಎದುರಾಗುತ್ತವೆ. ಹುಣಸೆ, ರೇಷ್ಮೆಗೂಡು ಹಿಂದೂಪುರದ ಮಾರುಕಟ್ಟೆಗೆ ಹೋಗುತ್ತವೆ. ಮನೆಗಳಲ್ಲಿ ರಾಗಿಮುದ್ದೆ. ಮದುವೆ ಸಂಬಂಧಗಳು ಸಿರಾ, ಪಾವಗಡ, ಮಧುಗಿರಿಗಳವರೆಗೆ ಹಬ್ಬಿವೆ. 2022ರ ಏಪ್ರಿಲ್ 4ರಂದು ಹೊಸ ಜಿಲ್ಲೆಗಳಾದಾಗ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರದಲ್ಲಿ ಉಳಿಯಿತು. "ನಾನು ಊರು ಬಿಡಲಿಲ್ಲ, ಜಿಲ್ಲೆಗಳೇ ನನ್ನನ್ನು ಬಿಟ್ಟುಹೋಗುತ್ತವೆ" ಎಂದು ತಾತ ಆಗ ಹೇಳಿದ್ದರು.

ಹಳ್ಳಿಗೆ ಹೋಗುವ ಮೊದಲು ಹೇಮಾವತಿಯನ್ನು ನೋಡಿದೆವು. ಅಮರಾಪುರಕ್ಕೆ ಸಮೀಪದ ಈ ಸಣ್ಣ ಊರು, ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿತ್ತು. ನೊಳಂಬವಾಡಿ ಮೂವತ್ತೆರಡು ಸಾಸಿರವೆಂದು ಶಾಸನಗಳು ಕರೆಯುವ ನಾಡನ್ನು ಅವರು ಇಲ್ಲಿಂದ ಆಳಿದರು. ಹತ್ತನೆಯ ಶತಮಾನದಲ್ಲಿ ಗಂಗ ದೊರೆ ಮಾರಸಿಂಹ ಅವರನ್ನು ಸೋಲಿಸಿ ನೊಳಂಬಕುಲಾಂತಕನೆಂಬ ಬಿರುದು ಧರಿಸಿದನು. ಕುಲ ಅಳಿಯಿತು, ಕೆತ್ತನೆ ಉಳಿಯಿತು. ಸಿದ್ಧೇಶ್ವರ ದೇವಾಲಯದಲ್ಲಿ ಶಿವನು ಲಿಂಗರೂಪದಲ್ಲಿಲ್ಲದೆ ಕುಳಿತ ಪುರುಷಾಕಾರದಲ್ಲಿದ್ದಾನೆ. ದೊಡ್ಡೇಶ್ವರ ದೇವಾಲಯದ ಜಾಲಂಧ್ರಗಳಲ್ಲಿ ಕಲ್ಲನ್ನು ಬಳ್ಳಿಯಂತೆ ಬಾಗಿಸಿದ್ದಾರೆ. ಇಲ್ಲಿಯ ಕೆಲವು ಶಿಲ್ಪಗಳು ಚೆನ್ನೈನ ವಸ್ತುಸಂಗ್ರಹಾಲಯದಲ್ಲಿವೆ.

ತಾತ ನನ್ನನ್ನು ಇಲ್ಲಿಗೆ ಮೊದಲು ಕರೆತಂದಾಗ ನನಗೆ ಎಂಟು ವರ್ಷ. ಅಕ್ಷರವಿದ್ದ ಕಲ್ಲೊಂದರ ಮುಂದೆ ಕೂರಿಸಿ, ಗುರುತು ಸಿಕ್ಕ ಅಕ್ಷರಗಳನ್ನು ಮಾತ್ರ ಹೇಳು ಎಂದಿದ್ದರು. ಮಗಳನ್ನೂ ಹಾಗೆಯೇ ಕೂರಿಸಿದೆ. ಗ, ರ, ನ ಎಂದು ಅವಳು ಬೆರಳಿಟ್ಟು ಹುಡುಕಿದಳು. ಹಳೆಯ ಲಿಪಿಯಾದ್ದರಿಂದ ಹೆಚ್ಚು ಸಿಗಲಿಲ್ಲ. "ಇದು ಕನ್ನಡವೋ ತೆಲುಗೋ?" ಎಂದು ಕೇಳಿದಳು. ಅಂದು ಎರಡಕ್ಕೂ ಇದ್ದುದು ಒಂದೇ ಲಿಪಿ, ಈ ಕಲ್ಲಿನ ಭಾಷೆ ಕನ್ನಡ ಎಂದೆ. ಮುತ್ತಾತ ಹೇಳಿದ್ದ ಅಕ್ಕತಂಗಿಯರ ತಾಯಿಯೇ ಇದು ಎಂದು ಅವಳೇ ತೀರ್ಮಾನಿಸಿದಳು.

ಸಂಜೆಗೆ ಹಳ್ಳಿಯ ಮನೆ ಸೇರಿದೆವು. ದೊಡ್ಡಪ್ಪ, ಅತ್ತೆಯಂದಿರು, ಹೈದರಾಬಾದಿನಿಂದ ಚಿಕ್ಕಪ್ಪ ಎಲ್ಲರೂ ಬಂದಿದ್ದರು. ಮರುದಿನ ಕರ್ಮಗಳು ಮುಗಿದು ಊಟವಾದ ಮೇಲೆ ತಾತನ ಕಬ್ಬಿಣದ ಪೆಟ್ಟಿಗೆಯನ್ನು ಪಡಸಾಲೆಗೆ ತಂದು ತೆರೆದರು. ಒಳಗೆ ಸೇವಾ ಪುಸ್ತಕ, ಒಂದು ಮಸಿಕುಡಿಕೆ, ಕೈಬರಹದ ನಾಲ್ಕು ಪಠ್ಯಪುಸ್ತಕಗಳು, ದಾರದಿಂದ ಹೊಲಿದ ಟಿಪ್ಪಣಿ ಪುಸ್ತಕಗಳು ಇದ್ದವು. ಚಿಕ್ಕಪ್ಪ ಒಂದು ಟಿಪ್ಪಣಿ ಪುಸ್ತಕವನ್ನು ತೆಗೆದುಕೊಂಡು ಪುಟಗಳನ್ನು ತಿರುವುತ್ತ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮಗಳನ್ನು ಕರೆದು, "ಇದನ್ನು ಓದಿ ಹೇಳಮ್ಮಾ" ಎಂದರು.

ಚಿಕ್ಕಪ್ಪನಿಗೆ ಕನ್ನಡ ಓದಲು ಬಾರದು. ಇದು ಮನೆಯವರಿಗೆಲ್ಲ ತಿಳಿದ ಸಂಗತಿಯೇ. ಯಾರೂ ಅದನ್ನು ಮಾತನಾಡುತ್ತಿರಲಿಲ್ಲ. ಊರೂರು ತಿರುಗಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿರೆಂದು ತಂದೆತಾಯಿಯರ ಮನವೊಲಿಸುತ್ತಿದ್ದ ತಾತ, ತನ್ನ ಕಿರಿಯ ಮಗನನ್ನು ಮಾತ್ರ ಒಂದನೆಯ ತರಗತಿಗೇ ಅನಂತಪುರದ ಬಂಧುಗಳ ಮನೆಯಲ್ಲಿಟ್ಟು ತೆಲುಗು ಶಾಲೆಗೆ ಸೇರಿಸಿದ್ದರು. ಮುಂದೆ ಸರ್ಕಾರಿ ಕೆಲಸಕ್ಕೆ ಅನುಕೂಲವಾಗಲೆಂಬುದು ಕಾರಣ. ಚಿಕ್ಕಪ್ಪ ಚೆನ್ನಾಗಿಯೇ ಓದಿದರು, ಎಂಜಿನಿಯರರಾದರು, ಮನೆಯ ಸಾಲವನ್ನೆಲ್ಲ ತೀರಿಸಿದರು. ಆ ನಿರ್ಧಾರ ಅವರ ಬದುಕನ್ನು ಕೆಡಿಸಿತೆಂದು ಯಾರೂ ಹೇಳಲಾರರು.

ಮಗಳು ಓದತೊಡಗಿದಳು. ಯಾವ ದಿನ ಯಾವ ಪಾಠ ನಕಲು ಮಾಡಿದ್ದು, ಯಾವ ಮಗುವಿಗೆ ಜ್ವರ, ಯಾರ ಮನೆಗೆ ಹೋಗಿ ಕರೆತಂದದ್ದು, ಇಂಥವೇ ಸಾಲುಗಳು. 1974ರ ಜೂನಿನ ಒಂದು ಪುಟಕ್ಕೆ ಬಂದಳು. "ಕಿರಿಯವನನ್ನು ಅನಂತಪುರದ ಶಾಲೆಗೆ ಸೇರಿಸಿ ಬಂದೆ. ಇವನಿಗೆ ಕನ್ನಡ ಓದಿಸುವ ಕೆಲಸ ಇನ್ನು ನನ್ನದು. ಭಾನುವಾರ ತಪ್ಪಬಾರದು." ಮುಂದಿನ ಭಾನುವಾರ ಒಂದು ಗುರುತಿತ್ತು. ಅದರ ಮುಂದಿನದಕ್ಕೂ ಇತ್ತು. ಆಮೇಲೆ ಇರಲಿಲ್ಲ.

ಪಡಸಾಲೆಯಲ್ಲಿ ಯಾರೂ ಮಾತನಾಡಲಿಲ್ಲ. "ಬರುತ್ತಿದ್ದರು" ಎಂದರು ಚಿಕ್ಕಪ್ಪ ಕೊನೆಗೆ. "ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ನಾನೇ ಆಟಕ್ಕೆ ಓಡಿಹೋಗುತ್ತಿದ್ದೆ. ಸಂಜೆಯವರೆಗೆ ಕಾದು ಹಿಂತಿರುಗುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು." ಅನಂತರ ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು, ಆ ಪುಟದ ಮೇಲೆ ಅಂಗೈಯಿಟ್ಟು ಕುಳಿತರು. ತೆಲುಗು ಬಲ್ಲ ಅವರಿಗೆ ಅಲ್ಲಿನ ಅರ್ಧ ಅಕ್ಷರಗಳು ಗುರುತು ಸಿಕ್ಕಿರಬೇಕು. ಆದರೂ ತಂದೆಯ ಮಾತನ್ನು ಹತ್ತು ವರ್ಷದ ಮೊಮ್ಮಗಳ ಬಾಯಿಂದ ಕೇಳಬೇಕಾಯಿತು.

ತಾತನ ನೆನಪನ್ನು ಬರೆಯುವಾಗ ಈ ಸಂಗತಿಯನ್ನು ಬಿಟ್ಟುಬಿಡಬಹುದಾಗಿತ್ತು. ಚಿಕ್ಕಪ್ಪನೇ ಬರೆ ಎಂದರು. ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ನಾವೆಲ್ಲರೂ ಒಂದಲ್ಲ ಒಂದು ಜೂನಿನಲ್ಲಿ ಇದೇ ಲೆಕ್ಕ ಹಾಕುತ್ತೇವೆ: ಕೆಲಸ ಎಲ್ಲಿದೆ, ಕಾಲೇಜು ಯಾವ ಭಾಷೆಯಲ್ಲಿದೆ, ನಾಳೆ ಮಗು ನಮ್ಮನ್ನು ದೂರುವುದೋ ಏನೋ. ಈ ಭಯ ಸುಳ್ಳಲ್ಲ. ಅಷ್ಟು ಪ್ರೀತಿಯಿಂದ ಕನ್ನಡ ಕಲಿಸಿದ ತಾತನನ್ನೇ ಅದು ಬಿಡಲಿಲ್ಲ. ಮಾಧ್ಯಮ ಬದಲಿಸಿದವರನ್ನು ದೂರುವ ಅಧಿಕಾರ ನನಗಿಲ್ಲ. ಆದರೆ ಆ ಪುಟದಿಂದ ನಾನು ಕಲಿತದ್ದು ಒಂದಿದೆ. ಶಾಲೆಯಿಂದ ತೆಗೆದ ಭಾಷೆಯನ್ನು ಮನೆಯಲ್ಲಿ ಕಲಿಸುತ್ತೇವೆಂದು ನಾವೆಲ್ಲರೂ ಅಂದುಕೊಳ್ಳುತ್ತೇವೆ. ಮೂವತ್ತೆಂಟು ವರ್ಷ ಅದನ್ನೇ ಕಸುಬಾಗಿ ಮಾಡಿದ ಉಪಾಧ್ಯಾಯರಿಂದಲೂ ಅದು ಎರಡು ಭಾನುವಾರಗಳಾಚೆಗೆ ಸಾಗಲಿಲ್ಲ.

ರಾತ್ರಿ ಅರ್ಜಿಯನ್ನು ಅಜ್ಜಿಗೆ ತೋರಿಸಿದೆ. ಅವರು ಒಪ್ಪಿಗೆಯನ್ನೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. "ಅವಳನ್ನೇ ಕೇಳು, ಈವತ್ತು ಓದಿದವಳು ಅವಳು" ಎಂದರು. ಕೇಳಿದೆ. ಹತ್ತನೆಯ ತರಗತಿಯವರೆಗೆ ಇಲ್ಲಿಯೇ ಓದುತ್ತೇನೆ, ಇಂಗ್ಲಿಷನ್ನು ಭಾನುವಾರ ನೀವು ಹೇಳಿಕೊಡಿ ಎಂದಳು ಮಗಳು. ಅರ್ಜಿಗೆ ಸಹಿ ಹಾಕಲಿಲ್ಲ. ನನ್ನ ದಿನಚರಿಯಲ್ಲಿ ಭಾನುವಾರಗಳಿಗೆ ಗುರುತು ಹಾಕಿಕೊಂಡಿದ್ದೇನೆ. ಈವರೆಗೆ ಐದು ನಡೆದಿವೆ.

ಹೊರಡುವ ದಿನ ಪೆಟ್ಟಿಗೆಯ ಪುಸ್ತಕಗಳನ್ನು ಹಂಚಿಕೊಂಡೆವು. ಕೈಬರಹದ ಒಂದು ಪಠ್ಯವನ್ನು ಹಗರಿಯ ದಡದ ಆ ವೃದ್ಧರಿಗೆ ಕೊಡುವುದೆಂದಾಯಿತು. ಒಂದನೆಯ ತರಗತಿಯದನ್ನು ಚಿಕ್ಕಪ್ಪ ತಮ್ಮ ಚೀಲದಲ್ಲಿಟ್ಟುಕೊಂಡರು. ಕಳೆದ ವಾರ ಹೈದರಾಬಾದಿನಿಂದ ಮಗಳ ಹೆಸರಿಗೆ ಒಂದು ಕಾರ್ಡು ಬಂದಿತು. ನಾಲ್ಕೇ ಸಾಲು. ತಲೆಕಟ್ಟುಗಳಲ್ಲಿ ಕೆಲವು ಅಡ್ಡಕ್ಕೆ ಬಾಗಿದ್ದವು, ಕೆಲವು ಹಳೆಯ ಅಭ್ಯಾಸದಂತೆ ಮೇಲಕ್ಕೆ ಚಿಮ್ಮಿದ್ದವು. ಮಗಳು ಕೆಂಪು ಮಸಿಯಿಂದ ತಿದ್ದಿ, ಕೆಳಗೆ "ಚಿಕ್ಕ ತಾತಾ, ಚೆನ್ನಾಗಿದೆ" ಎಂದು ಬರೆದು ಹಿಂದಕ್ಕೆ ಕಳುಹಿಸಿದ್ದಾಳೆ.